ಕೆರೆಯ ನೀರಗಂಟಿ: ಹಳೆಯ ಕಟ್ಟಳೆಯನ್ನು ಹೊಸದಾಗಿ ನಡೆಸುವ ಬಗೆ

ನಮ್ಮ ಬಯಲುಸೀಮೆಯ ಗ್ರಾಮಗಳಲ್ಲಿ ಪೂರ್ವದಿಂದ ನಡೆದುಬಂದ ಸೇವಾಕ್ರಮಗಳು ಹಲವಿದ್ದುವು. ಕಮ್ಮಾರನು ಗುಳವನ್ನು ಕಾಯಿಸಿ ಬಡಿದು ಹದಮಾಡಿಕೊಡುತ್ತಿದ್ದನು. ಬಡಗಿಯು ನೇಗಿಲನ್ನೂ ಬಂಡಿಯನ್ನೂ ಸರಿಪಡಿಸುತ್ತಿದ್ದನು. ಕುಂಬಾರನು ಮಡಕೆಗಳನ್ನು ಒದಗಿಸುತ್ತಿದ್ದನು. ಇವರಿಗೆ ಕೆಲಸವಾದೊಡನೆ ಹಣ ಕೊಡುವ ಪದ್ಧತಿಯಿರಲಿಲ್ಲ. ಸುಗ್ಗಿಯ ಕಾಲದಲ್ಲಿ ಪ್ರತಿಯೊಬ್ಬ ಬೇಸಾಯಗಾರನೂ ತನ್ನ ಕಣದಲ್ಲಿ ಇವರ ಪಾಲಿನ ಧಾನ್ಯವನ್ನು ಅಳೆದುಕೊಡುತ್ತಿದ್ದನು. ಈ ಪಾಲಿಗೆ ಆಯವೆಂದೂ ಅದನ್ನು ಪಡೆಯುವವರಿಗೆ ಆಯಗಾರರೆಂದೂ ಹೆಸರು. ಈ ಆಯಗಾರರ ಪೈಕಿ ಒಬ್ಬನು ನೀರಗಂಟಿ. ಉಳಿದವರ ಕೆಲಸವನ್ನು ಇಂದು ಪೇಟೆಯೂ ಯಂತ್ರವೂ ವಹಿಸಿಕೊಂಡಿವೆ. ನೀರಗಂಟಿಯ ಕೆಲಸವನ್ನು ಮಾತ್ರ ಯಾರೂ ವಹಿಸಿಕೊಂಡಿಲ್ಲ. ಆದುದರಿಂದ ಈ ಒಂದು ಕಟ್ಟಳೆಯನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಮತ್ತೆ ಆಲೋಚನೆಗೆ ತೆಗೆದುಕೊಳ್ಳಬೇಕೆಂಬುದೇ ಈ ಲೇಖನದ ಉದ್ದೇಶ.

ಕೆರೆಗಳೂ ಅವುಗಳ ಪಾಲನೆಯೂ

1866ನೆಯ ಇಸವಿಯಲ್ಲಿ ಮೈಸೂರಿನ ಮುಖ್ಯ ಇಂಜನಿಯರಾಗಿದ್ದ ಸ್ಯಾಂಕಿ ಸಾಹೇಬರು ಸಂಸ್ಥಾನದ 27,269 ಚದರ ಮೈಲಿಗಳ ವಿಸ್ತೀರ್ಣದಲ್ಲಿ ನೂರಕ್ಕೆ ಸುಮಾರು 60 ಪಾಲು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದು ಬರೆದಿಟ್ಟಿರುವರು. ಇಂದಿನ ಕರ್ನಾಟಕದಲ್ಲಿ ಲೆಕ್ಕಕ್ಕೆ ಬಂದಿರುವ ಕೆರೆಗಳು 36,000ಕ್ಕೂ ಮೇಲ್ಪಟ್ಟಿವೆ. ಇಷ್ಟು ಕೆರೆಗಳನ್ನು ಕಟ್ಟಿಸಿದ ಹಿರಿಯರು ಕಟ್ಟಿಸಿದ ದಿನವೇ ಅವುಗಳ ಪಾಲನೆಗೂ ದಾರಿ ಮಾಡಿದ್ದರೆಂಬುದನ್ನು ನಾವು ಮರೆಯತಕ್ಕದ್ದಲ್ಲ. ಶಾಸನಗಳಲ್ಲಿ ಕಾಣುವ ಬಿತ್ತುವಟ್ಟ, ಕಟ್ಟುಕೊಡಗೆ ಮುಂತಾದ ಮಾತುಗಳು ಕೆರೆಗಾಗಿ ಬಿಟ್ಟ ಭೂಮಿಯನ್ನೂ ಹುಟ್ಟುವಳಿಯ ಪಾಲನ್ನೂ ಕುರಿತವು. ಹೂಳು ಹೊರುವ ಬಂಡಿಗಳ ವೆಚ್ಚಕ್ಕೆಂದು ಭೂಮಿ ಬಿಟ್ಟ ಶಾಸನಗಳೂ ಇವೆ. ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಭಾಸ್ಕರ ಭವದೂರನು ಕಟ್ಟಿಸಿದ ಕೆರೆಯ 1369ನೆಯ ಇಸವಿಯ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಎಣಿಸಿದೆ. ನೀರು ಸ್ವಲ್ಪವಾಗಿ ಭೂಮಿ ಹೆಚ್ಚಾಗಿರುವುದು ಆ ದೋಷಗಳಲ್ಲೊಂದು. ಈ ದೋಷಕ್ಕೆ ಮದ್ದು ಕಲ್ಲುಗಾರೆಯ ಕೆಲಸವಲ್ಲ, ನೀರನ್ನು ಅಳೆದು ಹಂಚುವ ಕೈ. ಆ ಕೈಯೇ ನೀರಗಂಟಿ.

ನೀರಗಂಟಿಯ ಕರ್ತವ್ಯ

ತೂಬನ್ನು ತೆರೆಯುವ ಮತ್ತು ಮುಚ್ಚುವ ಅಧಿಕಾರ ನೀರಗಂಟಿಯೊಬ್ಬನದು. ಅಚ್ಚುಕಟ್ಟಿನಲ್ಲಿ ಎಷ್ಟೇ ದೊಡ್ಡ ಹಿಡುವಳಿಯುಳ್ಳವರಾದರೂ ತಾವಾಗಿ ತೂಬಿಗೆ ಕೈಹಚ್ಚುವಂತಿರಲಿಲ್ಲ. ಕಾಲುವೆಯ ಮಡುವೆಗಳನ್ನು ಕಡಿದು ಒಂದೊಂದು ಗದ್ದೆಗೂ ಸರದಿಯ ಮೇಲೆ ನೀರು ಬಿಡುವುದು, ಗದ್ದೆ ತುಂಬಿದೊಡನೆ ಮಣ್ಣು ಕೊಟ್ಟು ಮುಚ್ಚಿ ಮುಂದಿನದಕ್ಕೆ ತಿರುಗಿಸುವುದು, ರಾತ್ರಿಯ ಸರದಿಯಲ್ಲಿ ಕಾಲುವೆಯ ಮೇಲೆ ತಿರುಗಾಡಿ ಕಳ್ಳನೀರು ಹರಿಯದಂತೆ ಕಾಯುವುದು ಇವು ಬೆಳೆಗಾಲದ ಕೆಲಸಗಳು.

ಮಳೆಗಾಲದಲ್ಲಿ ಅವನ ಹೊಣೆ ಇನ್ನೂ ಹೆಚ್ಚು. ಏರಿಯ ಮೇಲೆ ನಡೆದು ಇಲಿ, ಏಡಿಗಳ ಬಿಲಗಳನ್ನು ನೋಡುವುದು, ಕೋಡಿಯಲ್ಲಿ ಸಿಕ್ಕಿದ ಕಸಕಡ್ಡಿಯನ್ನು ಬಿಡಿಸುವುದು, ಏರಿಯ ಹಿಂಬದಿಯಲ್ಲಿ ನೀರು ಜಿನುಗುತ್ತಿದ್ದರೆ ಅದರ ಬಣ್ಣವನ್ನು ಪರೀಕ್ಷಿಸುವುದು ಅವನ ಪಾಲಿನದಾಗಿತ್ತು. ತಿಳಿನೀರು ಜಿನುಗಿದರೆ ಕಣ್ಣಿಟ್ಟಿರಬೇಕು. ಕೆಂಪಾಗಿ ಮಣ್ಣು ಕದಡಿದ ನೀರು ಬಂದರೆ ಏರಿಯ ಒಡಲು ಕರಗುತ್ತಿದೆಯೆಂದು ತಿಳಿದು ಕೂಡಲೆ ಊರನ್ನು ಎಬ್ಬಿಸಬೇಕು. ಏರಿ ಒಡೆದು ಊರೂ ಬೆಳೆಯೂ ಕೊಚ್ಚಿಹೋಗುವುದಕ್ಕೂ ಹತ್ತು ಮಂಕರಿ ಮಣ್ಣಿನಿಂದ ಅನಾಹುತ ತಪ್ಪುವುದಕ್ಕೂ ನಡುವಿನ ಅಂತರ ಎಷ್ಟೋ ವೇಳೆ ಒಂದು ರಾತ್ರಿಯಷ್ಟೆ.

ಕೂಲಿಯ ಕ್ರಮದಲ್ಲಿದ್ದ ಗುಟ್ಟು

ನೀರಗಂಟಿಗೆ ಕೆಲವೆಡೆ ಇನಾಮು ಭೂಮಿಯಿತ್ತು. ಅದರೊಡನೆ ಸುಗ್ಗಿಯಲ್ಲಿ ಪ್ರತಿ ಹಿಡುವಳಿಯಿಂದಲೂ ಗದ್ದೆಯ ವಿಸ್ತೀರ್ಣಕ್ಕೆ ತಕ್ಕಂತೆ ಭತ್ತದ ಹೊರೆಯೋ ಕೊಳಗದ ಲೆಕ್ಕದಲ್ಲಿ ಕಾಳೋ ಸಲ್ಲುತ್ತಿತ್ತು. ಇದನ್ನು ನಾಗರಿಕತೆ ಬೆಳೆಯದ ಕಾಲದ ಒರಟು ಏರ್ಪಾಡೆಂದು ತಳ್ಳಿಹಾಕುವುದು ಸರಿಯಲ್ಲ. ಆಲೋಚಿಸಿ ನೋಡಿದರೆ ಇದರಲ್ಲಿ ಎರಡು ಸೂಕ್ಷ್ಮಗಳು ಕಂಡುಬರುವುವು.

ಮೊದಲನೆಯದು: ಬೆಳೆ ಬಂದ ಗದ್ದೆಯಿಂದ ಮಾತ್ರ ಆಯ ಬರುವುದು. ಕಾಲುವೆಯ ಕೊನೆಯ ಗದ್ದೆ ಒಣಗಿದರೆ ಅದರ ಯಜಮಾನನಿಗೆ ನಷ್ಟವಾಗುವಂತೆಯೇ ನೀರಗಂಟಿಗೂ ನಷ್ಟವಾಗುವುದು. ಆದುದರಿಂದ ಕೊನೆಯ ಗದ್ದೆಗೆ ನೀರು ಮುಟ್ಟಿಸುವುದರಲ್ಲಿ ಅವನಿಗೆ ಸ್ವಂತದ ಹಿತವಿತ್ತು. ತಿಂಗಳಿಗಿಷ್ಟೆಂದು ಸಂಬಳ ಪಡೆಯುವವನಿಗೆ ಈ ಹಿತವಿರುವುದಿಲ್ಲ.

ಎರಡನೆಯದು: ನೀರಗಂಟಿಯು ಸಾಮಾನ್ಯವಾಗಿ ಆ ಅಚ್ಚುಕಟ್ಟಿನಲ್ಲಿ ಗದ್ದೆಯಿಲ್ಲದವನು. ತನ್ನ ಗದ್ದೆಯೆಂಬುದು ಇಲ್ಲದುದರಿಂದ ಪಕ್ಷಪಾತಕ್ಕೆ ಕಾರಣ ಕಡಮೆ. ಎಲ್ಲರಿಗೂ ನೀರು ಹಂಚುವವನು ನೀರಿನ ಪಾಲುಗಾರನಾಗಿರಬಾರದೆಂಬ ನ್ಯಾಯವನ್ನು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡಿದ್ದರು.

ಕೆರೆ ತುಂಬದ ವರ್ಷದಲ್ಲಿ ಮತ್ತೊಂದು ಕಟ್ಟಳೆ ನಡೆಯುತ್ತಿತ್ತು. ಊರಿನ ಹಿರಿಯರೂ ನೀರಗಂಟಿಯೂ ಏರಿಯ ಮೇಲೆ ಸೇರಿ, ಇರುವ ನೀರು ಎಷ್ಟು ಭೂಮಿಗೆ ಸಾಲುವುದೆಂದು ಗೊತ್ತುಮಾಡುತ್ತಿದ್ದರು. ಆಮೇಲೆ ತೂಬಿಗೆ ಸಮೀಪವಾದ ಅಷ್ಟು ಭೂಮಿಯನ್ನು ಮಾತ್ರ ಸಾಗುವಳಿಗೆ ಇಟ್ಟು, ಅಚ್ಚುಕಟ್ಟಿನ ಎಲ್ಲ ಹಿಡುವಳಿದಾರರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಆ ವರ್ಷದ ಮಟ್ಟಿಗೆ ಅದನ್ನು ಹಂಚುತ್ತಿದ್ದರು. ಕೆಲವು ಕಡೆ ಇದಕ್ಕೆ ದಾಮಾಶವೆಂದು ಹೆಸರು. ಹೀಗೆ ಮಾಡಿದುದರಿಂದ ನೀರು ದೂರ ಹರಿದು ಕಾಲುವೆಯಲ್ಲಿ ಇಂಗಿಹೋಗುವುದು ತಪ್ಪುತ್ತಿತ್ತು. ಬರವು ಕೊನೆಯ ಗದ್ದೆಯವನೊಬ್ಬನ ತಲೆಯ ಮೇಲೆ ಬೀಳುವುದೂ ತಪ್ಪುತ್ತಿತ್ತು.

ಕಟ್ಟಳೆಯು ನಿಂತುಹೋದ ಕಾರಣ

1961ನೆಯ ಇಸವಿಯ ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನು 1963ನೆಯ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಗ್ರಾಮಾಧಿಕಾರಗಳು ಕೊನೆಗೊಂಡುವು. ಇದು ನ್ಯಾಯವಾದ ಕಾನೂನೆಂಬುದರಲ್ಲಿ ಸಂದೇಹವಿಲ್ಲ. ಏಕೆಂದರೆ ಹಳೆಯ ಏರ್ಪಾಡಿನಲ್ಲಿ ದೊಡ್ಡ ಕಳಂಕವೊಂದಿತ್ತು. ಅನೇಕ ಗ್ರಾಮಗಳಲ್ಲಿ ನೀರಗಂಟಿಯ ಕೆಲಸವು ಅಸ್ಪೃಶ್ಯರೆನಿಸಿಕೊಂಡ ಕುಲದವರ ಮೇಲೆ ಹುಟ್ಟಿನಿಂದಲೇ ಹೊರಿಸಿದ್ದ ಹೊರೆಯಾಗಿತ್ತು. ಊರಿಗೆಲ್ಲ ನೀರು ಹಂಚಿದವನು ಊರ ಬಾವಿಯಲ್ಲಿ ನೀರು ಸೇದುವಂತಿರಲಿಲ್ಲ. ತನಗೆ ಸಲ್ಲತಕ್ಕ ಆಯವನ್ನು ಕಣದ ಅಂಚಿನಲ್ಲಿ ನಿಂತು ಬೇಡಿದಂತೆ ಪಡೆಯಬೇಕಾಗಿತ್ತು. ಈ ಭಾಗವು ಹೋದುದು ಒಳ್ಳೆಯದಾಯಿತು. ಅದು ಮರಳಿ ಬರಕೂಡದು. ಆದರೆ ಅಧಿಕಾರದೊಡನೆ ಕರ್ತವ್ಯವೂ ಹಲವೆಡೆ ಮರೆಯಾಯಿತು. ಮುಂದೆ ಕೊಳವೆ ಬಾವಿಗಳು ಬಂದು ಅನುಕೂಲಸ್ಥರ ಗಮನವು ಕೆರೆಯನ್ನು ಬಿಟ್ಟು ಪಂಪಿನ ಕಡೆಗೆ ತಿರುಗಿತು. ಕೋಲಾರದ ಸೀಮೆಯಲ್ಲಿ ಸಾವಿರ ಅಡಿ ಕೊರೆದರೂ ನೀರು ಕಾಣದೆ ಸಾಲ ಮಾತ್ರ ಉಳಿದ ಕುಟುಂಬಗಳನ್ನು ಬಲ್ಲವರು ಈ ದಾರಿಯ ಕೊನೆಯನ್ನೂ ಬಲ್ಲರು.

ನಾನು ಸಂಚಾರದಲ್ಲಿ ಕಂಡ ಒಂದು ಕೆರೆಯ ಸಂಗತಿಯನ್ನು ಇಲ್ಲಿ ಹೇಳುವೆನು. ಕೆರೆಯಲ್ಲಿ ಅರ್ಧ ನೀರಿತ್ತು. ತೂಬಿನ ಬಳಿಯ ಗದ್ದೆಗಳಲ್ಲಿ ಮೊಳಕಾಲುದ್ದ ನೀರು ನಿಂತು ಬದುಗಳ ಮೇಲೆ ಹರಿಯುತ್ತಿತ್ತು. ಕಾಲುವೆಯ ಕೊನೆಯಲ್ಲಿ ತೆನೆ ಹೊರಡುವ ಕಾಲಕ್ಕೆ ಸರಿಯಾಗಿ ನೆಲ ಬಿರುಕುಬಿಟ್ಟಿತ್ತು. ನೀರು ಬಿಡುವವರು ಯಾರೆಂದು ವಿಚಾರಿಸಿದಾಗ ಅಲ್ಲಿದ್ದ ವೃದ್ಧರೊಬ್ಬರು, "ಸ್ವಾಮಿ, ಈಗ ತೂಬಿಗೆ ಯಜಮಾನರು ಹತ್ತು ಮಂದಿ, ಕಾಯುವವನು ಒಬ್ಬನೂ ಇಲ್ಲ" ಎಂದರು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬಂತೆ, ಆ ಹತ್ತು ಮಂದಿಯ ಹಟದಲ್ಲಿ ಕೆಳಗಿನ ಗದ್ದೆಗಳು ಬಡವಾಗಿದ್ದುವು. ಕೆರೆಯಲ್ಲಿ ನೀರಿದ್ದೂ ಬೆಳೆ ಹೋದುದನ್ನು ಬರವೆಂದು ಕರೆಯಲು ನನಗೆ ಮನಸ್ಸು ಬರಲಿಲ್ಲ.

ಹೆಚ್ಚು ನೀರಿನ ಬೆಲೆ

ಒಂದು ಎಕರೆಯಲ್ಲಿ ಒಂದು ಅಂಗುಲ ನೀರು ನಿಲ್ಲಿಸಿದರೆ ಅದು ಒಂದು ಲಕ್ಷ ಲೀಟರಿಗೂ ಮೀರುವುದು. ಮೇಲಿನ ಹತ್ತು ಎಕರೆಯವರು ಒಂದು ಸರದಿಯಲ್ಲಿ ಬೇಕಾದುದಕ್ಕಿಂತ ಎರಡಂಗುಲ ಹೆಚ್ಚಾಗಿ ನಿಲ್ಲಿಸಿಕೊಂಡರೆ ಇಪ್ಪತ್ತು ಲಕ್ಷ ಲೀಟರಿಗೂ ಹೆಚ್ಚು ನೀರು ಅಲ್ಲಿಯೇ ಕೆಟ್ಟುಹೋಯಿತೆಂದು ಅರ್ಥ. ಇದರಿಂದ ಅವರಿಗಾದರೂ ಲಾಭವುಂಟೇ ಎಂದರೆ ಅದೂ ಇಲ್ಲ. ಭತ್ತವು ನೀರನ್ನು ಸಹಿಸುವ ಪೈರೇ ಹೊರತು ಸದಾ ಮುಳುಗಿರಬೇಕಾದ ಪೈರಲ್ಲ.

ನಾಟಿಯಾದ ಎರಡು ವಾರಗಳ ಮೇಲೆ ನೀರನ್ನು ಕಟ್ಟುತ್ತ ಆರಿಸುತ್ತ ಬರುವ ಕ್ರಮವು ಪರೀಕ್ಷೆಗಳಲ್ಲಿ ಸಫಲವಾಗಿದೆ. ಸುಮಾರು 30 ಸೆಂಟಿಮೀಟರು ಉದ್ದದ ಕೊಳವೆಯ ಕೆಳಭಾಗಕ್ಕೆ ತೂತುಗಳನ್ನು ಕೊರೆದು ಗದ್ದೆಯಲ್ಲಿ ಹೂಳಿ ಒಳಗಿನ ಮಣ್ಣನ್ನು ತೆಗೆದರೆ, ನೆಲದೊಳಗಿನ ನೀರಿನ ಮಟ್ಟವು ಅದರಲ್ಲಿ ಕಾಣುವುದು. ಆ ಮಟ್ಟವು ನೆಲದಿಂದ 15 ಸೆಂಟಿಮೀಟರು ಕೆಳಗೆ ಇಳಿದಾಗ ಮತ್ತೆ 5 ಸೆಂಟಿಮೀಟರು ನೀರು ನಿಲ್ಲುವಂತೆ ಕೊಟ್ಟರೆ ಸಾಕು. ಹೂ ಬಿಡುವುದಕ್ಕೆ ಒಂದು ವಾರ ಮುಂಚಿನಿಂದ ಒಂದು ವಾರ ಅನಂತರದವರೆಗೆ ಮಾತ್ರ ಗದ್ದೆಯನ್ನು ಆರಗೊಡಬಾರದು. ಈ ಕ್ರಮದಿಂದ ಇಳುವರಿ ಕುಗ್ಗದೆ ನೀರು ಗಣನೀಯವಾಗಿ ಉಳಿಯುವುದು. ಆದರೆ ಒಬ್ಬರು ಆರಿಸಿದಾಗ ಇನ್ನೊಬ್ಬರು ಕಟ್ಟಿಕೊಂಡರೆ ಉಳಿತಾಯವೆಲ್ಲ ವ್ಯರ್ಥ. ಇಡೀ ಅಚ್ಚುಕಟ್ಟಿಗೆ ಸರದಿಯನ್ನು ನಡೆಸುವ ಒಬ್ಬರಿದ್ದಲ್ಲಿ ಮಾತ್ರ ಇದು ಸಾಧ್ಯ. ಹೊಸ ವಿದ್ಯೆಗೆ ಹಳೆಯ ನೀರಗಂಟಿಯೇ ಬೇಕಾಗಿರುವುದು ಹೀಗೆ.

ನಡೆಸುವ ಬಗೆ

1. ಮುಂಗಾರಿಗೆ ಮುಂಚಿತವಾಗಿ ಅಚ್ಚುಕಟ್ಟಿನ ಹಿಡುವಳಿದಾರರೆಲ್ಲರೂ ಸಭೆ ಸೇರತಕ್ಕದ್ದು. ಕಾಲುವೆಯ ಕೊನೆಯ ಭಾಗದವರು ತಪ್ಪದೆ ಬರುವಂತೆ ಮುಖಂಡರು ನೋಡಿಕೊಳ್ಳಬೇಕು. ಕೆರೆ ಬಳಕೆದಾರರ ಸಂಘವಿರುವಲ್ಲಿ ಅದರ ಮೂಲಕವೇ ಕಾರ್ಯ ನಡೆಯಲಿ.

2. ಅಚ್ಚುಕಟ್ಟಿನಲ್ಲಿ ಗದ್ದೆಯಿಲ್ಲದ, ದಕ್ಷತೆಯುಳ್ಳ ಒಬ್ಬರನ್ನು ಒಂದು ವರ್ಷದ ಮಟ್ಟಿಗೆ ನೇಮಿಸಬೇಕು. ಕುಲವನ್ನಾಗಲಿ ವಂಶವನ್ನಾಗಲಿ ನೋಡಕೂಡದು. ಸ್ತ್ರೀಯರೂ ಈ ಕೆಲಸಕ್ಕೆ ಅರ್ಹರೇ. ಹಳೆಯ ನೀರಗಂಟಿಗಳ ಮನೆಯವರು ಒಪ್ಪಿ ಬಂದರೆ ಅವರ ಅನುಭವ ಲಾಭವೇ, ಒಪ್ಪದವರನ್ನು ಬಲವಂತಪಡಿಸಕೂಡದು.

3. ಪ್ರತಿಫಲವನ್ನು ಮೊದಲೇ ಬರೆದಿಡಬೇಕು. ಉದಾಹರಣೆಗೆ, 60 ಎಕರೆಯ ಅಚ್ಚುಕಟ್ಟಿನಲ್ಲಿ ಎಕರೆಗೆ 40 ಕಿಲೋಗ್ರಾಂ ಭತ್ತದಂತೆ ಕೊಟ್ಟರೆ 24 ಕ್ವಿಂಟಾಲು ಆಗುವುದು. ಎಕರೆಗೆ 20 ಕ್ವಿಂಟಾಲು ಬೆಳೆಯುವಲ್ಲಿ ಇದು ನೂರಕ್ಕೆ ಎರಡು ಪಾಲು. ಭತ್ತವನ್ನಾಗಲಿ ಅದರ ಪೇಟೆಯ ಬೆಲೆಯನ್ನಾಗಲಿ ಸಂಘದಲ್ಲಿ ಒಟ್ಟುಮಾಡಿ ಒಂದೇ ಸಲ ಕೊಡಬೇಕೇ ಹೊರತು ನೀರಗಂಟಿಯನ್ನು ಕಣದಿಂದ ಕಣಕ್ಕೆ ಅಲೆಸಕೂಡದು. ಕೆರೆ ತುಂಬದ ವರ್ಷಕ್ಕೆ ಕನಿಷ್ಠ ಮೊತ್ತವೊಂದನ್ನು ಹಣದಲ್ಲಿ ನಿಗದಿಮಾಡಬೇಕು. ಮಳೆ ಬಾರದುದು ಅವರ ತಪ್ಪಲ್ಲ.

4. ತೂಬಿನ ಬೀಗದ ಕೈ ನೀರಗಂಟಿಯ ವಶದಲ್ಲಿರಲಿ. ಸರದಿಯ ಪಟ್ಟಿಯನ್ನು ಎಲ್ಲರೂ ನೋಡುವ ಸ್ಥಳದಲ್ಲಿ ಹಚ್ಚಬೇಕು. ಯಾರಾದರೂ ತಾವಾಗಿ ತೂಬನ್ನು ತೆರೆದರೆ ಅವರು ದೊಡ್ಡವರಾಗಲಿ ಚಿಕ್ಕವರಾಗಲಿ ದಂಡ ಒಂದೇ ಇರಬೇಕು.

5. ಅಚ್ಚುಕಟ್ಟು 40 ಹೆಕ್ಟೇರಿಗೆ ಮೇಲ್ಪಟ್ಟು 2,000 ಹೆಕ್ಟೇರುವರೆಗಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ, ಅದಕ್ಕಿಂತ ಚಿಕ್ಕವು ಪಂಚಾಯತಿಯ ಆಡಳಿತಕ್ಕೂ ಸೇರುವುವು. ಏರ್ಪಾಡನ್ನು ಸಂಬಂಧಪಟ್ಟ ಅಧಿಕಾರಿಗಳಿಗೆ ಬರಹದಲ್ಲಿ ತಿಳಿಸಿ ಅನುಮತಿ ಪಡೆಯತಕ್ಕದ್ದು.

6. ಕೆರೆಯ ನೀರು ಅರ್ಧಕ್ಕಿಂತ ಕಡಮೆಯಾದ ವರ್ಷ ಬಿತ್ತನೆಗೆ ಮುಂಚೆಯೇ ಸಭೆ ಸೇರಿ, ಭತ್ತವನ್ನು ಬಿಟ್ಟು ರಾಗಿಯನ್ನೋ ದ್ವಿದಳಧಾನ್ಯವನ್ನೋ ಬೆಳೆಯುವುದೋ, ದಾಮಾಶದಂತೆ ಭೂಮಿಯನ್ನು ಹಂಚಿಕೊಳ್ಳುವುದೋ ಎಂಬುದನ್ನು ನಿಶ್ಚಯಿಸಬೇಕು. ಪೈರು ಒಣಗುವಾಗ ಮಾಡಿದ ನಿಶ್ಚಯವು ಜಗಳಕ್ಕೆ ಮೂಲ.

ಕೆಲವು ಆಕ್ಷೇಪಗಳು

ಪ್ರತಿಯೊಬ್ಬರೂ ತಮ್ಮ ಗದ್ದೆಗೆ ತಾವೇ ನೀರು ಕಟ್ಟಿಕೊಳ್ಳಬಲ್ಲರಾದ್ದರಿಂದ ಇನ್ನೊಬ್ಬರಿಗೆ ಏಕೆ ಕೊಡಬೇಕೆಂದು ಕೆಲವರು ಕೇಳುವರು. ಸುಗ್ಗಿಯವರೆಗೆ ರಾತ್ರಿಯ ನಿದ್ರೆಗೆಟ್ಟು ಕಾಲುವೆಯ ಮೇಲೆ ಕೂರುವ ಶ್ರಮಕ್ಕೂ, ನೆರೆಯವರೊಡನೆ ಹುಟ್ಟುವ ವ್ಯಾಜ್ಯದ ವೆಚ್ಚಕ್ಕೂ ಬೆಲೆ ಕಟ್ಟಿದರೆ ಎಕರೆಗೆ 40 ಕಿಲೋಗ್ರಾಂ ಭತ್ತವು ಹೆಚ್ಚೆಂದು ತೋರಲಾರದು. ತೂಬಿನ ಸಮೀಪದಲ್ಲಿರುವವರಿಗೆ ಇದರಿಂದ ಏನು ಪ್ರಯೋಜನವೆಂದು ಇನ್ನು ಕೆಲವರು ಕೇಳಬಹುದು. ಏರಿ ಒಡೆದರೆ ಮೊದಲು ಕೊಚ್ಚಿಹೋಗುವುದು ಅವರ ಗದ್ದೆಯೇ. ಏರಿಯನ್ನು ದಿನವೂ ನೋಡುವ ಕಣ್ಣೊಂದಿದ್ದರೆ ಅದರ ಮೊದಲ ಫಲ ಅವರಿಗೇ ಸಲ್ಲುವುದು.

ಸರ್ಕಾರವು ವಿಶ್ವಬ್ಯಾಂಕಿನ ನೆರವಿನಿಂದ 2002ರಿಂದ ಮುಂದಕ್ಕೆ ಅನೇಕ ಕೆರೆಗಳನ್ನು ಸಮುದಾಯದ ಮೂಲಕ ದುರಸ್ತಿಮಾಡಿಸಿತು. ದುರಸ್ತಿಯು ಒಂದು ಸಲದ ಕಾರ್ಯ, ಪಾಲನೆಯು ಪ್ರತಿದಿನದ್ದು. ಹಣವು ಹೂಳನ್ನು ತೆಗೆಸಬಲ್ಲದು, ತೂಬಿಗೆ ಹೊಸ ಬಾಗಿಲನ್ನು ಇಡಿಸಬಲ್ಲದು. ಮಧ್ಯರಾತ್ರಿಯಲ್ಲಿ ಅದನ್ನು ಮುಚ್ಚಲು ಒಬ್ಬ ಮನುಷ್ಯನು ಏರಿಯ ಮೇಲೆ ನಡೆದುಹೋಗಬೇಕು. ಆ ಮನುಷ್ಯನನ್ನು ಗೌರವದಿಂದ ನೇಮಿಸಿ, ಸಲ್ಲತಕ್ಕುದನ್ನು ತಪ್ಪದೆ ಸಲ್ಲಿಸುವುದು ಗ್ರಾಮದ ಮುಖಂಡರ ಕೈಯಲ್ಲಿದೆ. ಮುಂಬರುವ ಮುಂಗಾರಿಗೆ ಮುನ್ನ ನಿಮ್ಮ ಊರಿನ ಕೆರೆಯ ಏರಿಯ ಮೇಲೆ ಒಂದು ಸಾರಿ ಕೊನೆಯವರೆಗೆ ನಡೆದು ನೋಡಿರಿ. ತೂಬಿನಿಂದ ಹೊರಟು ಕಾಲುವೆಯ ಕೊನೆಯ ಗದ್ದೆಯವರೆಗೂ ಹೋಗಿ ಬನ್ನಿರಿ. ಅಲ್ಲಿಯ ಒಕ್ಕಲಿನವನು ಹೇಳುವ ಮಾತನ್ನು ಕೇಳಿದ ಮೇಲೆ ಸಭೆಯನ್ನು ಯಾವ ದಿನ ಕರೆಯಬೇಕೆಂಬುದನ್ನು ನೀವೇ ಗೊತ್ತುಮಾಡಬಹುದು.