ಅಂಚಿಲ್ಲದ ಹಾಳೆ

ವಿನ್ಯಾಸಶಾಲೆಯ ಮೊದಲ ವರ್ಷಗಳನ್ನು ಕಾಗದದ ಸಹವಾಸದಲ್ಲಿ ಕಳೆದ ವಿದ್ಯಾರ್ಥಿಗೆ ಪುಟವೆಂಬುದು ನಾಲ್ಕು ಅಂಚುಗಳುಳ್ಳ, ಅಳತೆ ಮೊದಲೇ ನಿಶ್ಚಿತವಾದ ವಸ್ತು. 210 ಮಿಲಿಮೀಟರ್ ಅಗಲದ, 297 ಮಿಲಿಮೀಟರ್ ಉದ್ದದ ಎ4 ಹಾಳೆಯಲ್ಲಿ ಶೀರ್ಷಿಕೆಯನ್ನು ಎಲ್ಲಿರಿಸಿದೆನೋ, ಮುದ್ರಣಾಲಯದಿಂದ ಹೊರಬಂದಾಗಲೂ ಅದು ಅಲ್ಲಿಯೇ ಇರುವುದೆಂಬ ಭರವಸೆಯ ಮೇಲೆ ನನ್ನ ಕಣ್ಣೂ ಕೈಯೂ ಪಳಗಿದ್ದವು. ಕೋಡ್ ಬರೆದು ಜಾಲತಾಣ ಕಟ್ಟುವ ವಿದ್ಯೆಗೆ ತೊಡಗಿದಾಗ ಆ ಭರವಸೆಯನ್ನೇ ಮೊದಲು ಬಿಡಬೇಕಾಯಿತು. ಏಕೆಂದರೆ ಅದೇ ಪುಟವನ್ನು ಒಬ್ಬರು ಅಂಗೈಯಗಲದ ಮೊಬೈಲಿನಲ್ಲಿಯೂ, ಮತ್ತೊಬ್ಬರು ಕಚೇರಿಯ ವಿಶಾಲ ಪರದೆಯಲ್ಲಿಯೂ, ಮಂದದೃಷ್ಟಿಯ ಹಿರಿಯರೊಬ್ಬರು ಅಕ್ಷರವನ್ನು ಇಮ್ಮಡಿ ಮಾಡಿಕೊಂಡೂ ಓದುವರು.

ಓದುಗನಿಗೆ ತಕ್ಕಂತೆ ಬದಲಾಗುವ ಈ ಸ್ವಭಾವ ಜಾಲದ ಹುಟ್ಟಿನಲ್ಲಿಯೇ ಅಡಗಿದೆ. 1989ರಲ್ಲಿ ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಾಲದ ಯೋಜನೆಯನ್ನು ಮುಂದಿಟ್ಟಾಗ ಅವರಿಗೆ ಬೇಕಾಗಿದ್ದುದು ಸಂಶೋಧಕರ ದಾಖಲೆಗಳನ್ನು ಪರಸ್ಪರ ಹೆಣೆಯುವ ಉಪಾಯ. ರೂಪದ ಚಿಂತೆ ಆಮೇಲೆ ಬಂದದ್ದು. ಅಲ್ಲಿಯೇ ಕೆಲಸಮಾಡುತ್ತಿದ್ದ ಹೋಕೊನ್ ವೀಯುಮ್ ಲೀ ಅವರು 1994ರಲ್ಲಿ ಪುಟದ ರೂಪವನ್ನು ನಿರ್ದೇಶಿಸುವ ಸಿಎಸ್‌ಎಸ್ ಭಾಷೆಯನ್ನು ಪ್ರಸ್ತಾಪಿಸಿದಾಗ, ಲೇಖಕನ ಇಚ್ಛೆಯ ಜೊತೆಗೆ ಓದುಗನ ಇಚ್ಛೆಗೂ ಸ್ಥಾನವಿರತಕ್ಕದ್ದೆಂಬ ತತ್ತ್ವವನ್ನು ಅದರೊಳಗೆ ನೆಲೆಗೊಳಿಸಿದರು. ಆದುದರಿಂದ ಇಲ್ಲಿ ವಿನ್ಯಾಸಕನು ಬರೆಯುವುದು ನಿಯಮಗಳನ್ನು: ಚಿತ್ರವು ತನ್ನ ಕಾಲಮ್ಮಿನ ಅಗಲವನ್ನು ಮೀರಕೂಡದು, ಪರದೆ ಕಿರಿದಾದರೆ ಪಕ್ಕದ ಕಾಲಮ್ಮು ಕೆಳಗಿಳಿಯಬೇಕು. ಇದನ್ನು ಶೃಂಖಲೆಯೆಂದು ಬಗೆಯುವವರುಂಟು. ನನಗಾದರೋ ಇದು ಓದುಗನಿಗೆ ಸಲ್ಲುವ ಗೌರವವೆಂದೇ ತೋರಿದೆ.

ಕಲಿಕೆಯ ದಿನಚರಿ ಮಾತ್ರ ಕಠಿನವಾದದ್ದು. ಒಂದು ಸೆಮಿಕೋಲನ್ ಬಿಟ್ಟುಹೋದರೆ ಆ ಸಾಲಿನೊಡನೆ ಮುಂದಿನ ಸಾಲೂ ನಿಷ್ಫಲವಾಗುವುದು, ಬ್ರೌಸರ್ ದೂರು ಹೇಳದೆ ಎರಡನ್ನೂ ಕೈಬಿಟ್ಟು ಮುಂದೆ ಸಾಗುವುದು. ಆಗ ಪುಟದ ಸಕಲ ಭಾಗಗಳಿಗೂ ಒಂದು ಪಿಕ್ಸೆಲ್ಲಿನ ಕೆಂಪು ಗೆರೆ ಎಳೆಯುವಂತೆ ಆಜ್ಞೆ ಬರೆದು, ಮೂಡಿದ ಪೆಟ್ಟಿಗೆಗಳೊಳಗಿನ ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡುತ್ತ ಕುಳಿತರೆ, ಯಾವುದು ಯಾವುದನ್ನು ದೂಡಿದೆಯೆಂಬುದು ಕಣ್ಣಿಗೆ ಗೋಚರವಾಗುವುದು.

ಆದರೆ ಈ ವಿದ್ಯೆಯು ಅತ್ಯಗತ್ಯವೆಂದು ನನಗೆ ಮನದಟ್ಟಾದದ್ದು ಕನ್ನಡದ ಪುಟವನ್ನು ಕಟ್ಟುವಾಗ. ಲ್ಯಾಟಿನ್ ಅಕ್ಷರದ ಶೀರ್ಷಿಕೆಗೆ ಸಾಲಿನ ಎತ್ತರವನ್ನು 1.2 ಎಂದಿಟ್ಟರೆ ಅದು ಬಿಗಿಯಾಗಿ, ಸೊಗಸಾಗಿ ಕಾಣುವುದು. ಅದೇ ಸಂಖ್ಯೆಯನ್ನು ‘ರಾಷ್ಟ್ರಕೂಟರ ವಾಸ್ತುಶಿಲ್ಪ’ ಎಂಬ ಶೀರ್ಷಿಕೆಗೆ ಕೊಟ್ಟು, ಅದು ಮೊಬೈಲಿನಲ್ಲಿ ಎರಡು ಸಾಲಾಗಿ ಮುರಿದರೆ, ಮೇಲಿನ ಒತ್ತುಗಳು ಇಳಿದು ಕೆಳಸಾಲಿನ ಗುಡಿಸಿನೊಡನೆ ತಾಕಲಾಡಬಹುದು; ಪೆಟ್ಟಿಗೆಯಾಚೆ ಚಾಚಿದುದನ್ನು ಮರೆಮಾಡುವ ನಿಯಮವೂ ಇದ್ದರೆ ಒತ್ತು ಅರ್ಧಕ್ಕೇ ಕತ್ತರಿಸಿಹೋಗುವುದು. ಯೂನಿಕೋಡಿನಲ್ಲಿ ‘ಷ್ಟ್ರ’ ಎಂಬ ಒಂದು ಅಕ್ಷರವು ಷ, ಟ, ರಗಳೂ ನಡುನಡುವಿನ ಎರಡು ಹಲಂತಚಿಹ್ನೆಗಳೂ ಸೇರಿದ ಐದು ಸಂಕೇತಗಳ ಸರಣಿ. ಅವನ್ನು ಜೋಡಿಸಿ ರೂಪ ಕೊಡುವ ಶ್ರಮವನ್ನು ಯಂತ್ರ ವಹಿಸಿಕೊಂಡಿದೆ, ಆ ರೂಪಕ್ಕೆ ಉಸಿರಾಡಲು ಎಡೆ ಕೊಡುವ ಹೊಣೆ ವಿನ್ಯಾಸಕನದು. ಸಾಲಿನ ಎತ್ತರವನ್ನು 1.6, 1.7ರವರೆಗೆ ಏರಿಸಿದೊಡನೆ ಅದೇ ಶೀರ್ಷಿಕೆ ಸ್ವಸ್ಥವಾಗುವುದು.

ಕಣ್ಣಿಗೆ ಕಾಣದ ಇನ್ನೊಂದು ದೋಷವುಂಟು. ಪುಟದ ರಚನೆಯನ್ನು ಬರೆದಿಡುವ ಎಚ್‌ಟಿಎಂಎಲ್ ಕಡತದ ಆರಂಭದಲ್ಲಿ ಪುಟದ ಭಾಷೆಯನ್ನು ಸೂಚಿಸುವ ಎರಡಕ್ಷರದ ಸಂಕೇತವನ್ನು ಬರೆಯಬೇಕು. ಸಿದ್ಧ ಮಾದರಿಯಿಂದ ಬಂದ ಇಂಗ್ಲಿಷಿನ ಸಂಕೇತವನ್ನು ಹಾಗೆಯೇ ಬಿಟ್ಟರೆ, ದೃಷ್ಟಿಯಿಲ್ಲದವರಿಗೆ ಪುಟವನ್ನು ಓದಿಹೇಳುವ ತಂತ್ರಾಂಶವು ಕನ್ನಡವನ್ನು ಇಂಗ್ಲಿಷಿನ ಧ್ವನಿಯಲ್ಲಿ ಉಚ್ಚರಿಸಲು ಹೊರಡಬಹುದು.

ಇಂತಹ ಯಾವ ಕೊರತೆಯೂ ‘ಲೋರೆಮ್ ಇಪ್ಸಮ್’ ಎಂಬ ಲ್ಯಾಟಿನ್ ಅಕ್ಷರದ ಹುಸಿಪಠ್ಯ ತುಂಬಿದ ಮಾದರಿ ಪುಟದಲ್ಲಿ ಬಯಲಾಗದು. ಅದರಲ್ಲಿ ಒತ್ತಿಲ್ಲ, ಗುಡಿಸಿಲ್ಲ. ಕರ್ನಾಟಕದ ವಿನ್ಯಾಸಶಾಲೆಗಳು ಕೋಡ್ ಕಲಿಸುವ ಮೊದಲ ವಾರದಲ್ಲಿಯೇ ವಿದ್ಯಾರ್ಥಿಯ ಕೈಗೆ ಒಂದು ಪುಟದಷ್ಟು ಕನ್ನಡ ಗದ್ಯವನ್ನಿತ್ತು, ಅದನ್ನು ಮೊಬೈಲಿನ ಅಗಲಕ್ಕೆ ಹೊಂದಿಸಿಕೊಡೆಂದು ಕೇಳಲಿ.