ಹಳೆಯ ಜಾವಾ ಗುಜರಿಗೆ ಹೋಗುವ ಮುನ್ನ...

ಸೋದರಿಯರೇ, ನಿಮ್ಮ ಮನೆಯ ಹಿತ್ತಿಲಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಗೋಣಿತಾಟು ಹೊದ್ದು ನಿಂತ ಹಳೆಯ ಮೋಟಾರ್ ಸೈಕಲ್ ಒಂದಿದೆಯೆ? ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಇರುತ್ತದೆ. ಮಾವನವರದೋ ತಂದೆಯವರದೋ ಆಗಿರುತ್ತದೆ. ಅದರ ಸೀಟಿನ ಮೇಲೆ ಕೋಳಿ ಕೂರುತ್ತದೆ, ಹ್ಯಾಂಡಲ್ ಮೇಲೆ ಒರೆಸುವ ಬಟ್ಟೆ ಒಣಗುತ್ತದೆ. ಒಂದು ದಿನ ಗುಜರಿಯವನು ಗೇಟಿನ ಹತ್ತಿರ ನಿಂತು, “ಅಮ್ಮಾ, ಹಳೇ ಗಾಡಿ ಇದ್ರೆ ಕೊಡಿ, ಜಾಗ ಖಾಲಿ ಆಗುತ್ತೆ” ಅನ್ನುತ್ತಾನೆ. ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಉತ್ತರ ಹೇಳಬೇಕಾದವರು ನಾವೇ ತಾನೆ? ಹೂಂ ಅನ್ನುವ ಮೊದಲು ಈ ನಾಲ್ಕು ಮಾತು ಓದಿ.

ನಮ್ಮ ಮೈಸೂರಿನ ಗಾಡಿ

ಜಾವಾ ಹುಟ್ಟಿದ್ದು 1929ರಲ್ಲಿ, ದೂರದ ಪ್ರಾಗ್ ನಗರದಲ್ಲಿ. ಆದರೆ ನಮಗೆ ಅದು ಮೈಸೂರಿನದೇ. ಇರಾನಿ ಮನೆತನದವರು ಯಾದವಗಿರಿಯಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರ್ ಅವರು ಉದ್ಘಾಟಿಸಿದರು. 1973ರಿಂದ ಗಾಡಿಗೆ ಯೆಜ್ಡಿ ಎಂದು ಹೆಸರಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಿಂದ ಜಾವಾ, 2022ರಿಂದ ಯೆಜ್ಡಿ ಹೆಸರಿನಲ್ಲಿ ಮತ್ತೆ ಗಾಡಿಗಳು ಬರುತ್ತಿವೆ ನಿಜ. ಅವು ಫೋರ್ ಸ್ಟ್ರೋಕ್ ಎಂಜಿನ್ನಿನವು. ಹಳೆಯ ಟೂ ಸ್ಟ್ರೋಕ್ ಗಾಡಿ ಇನ್ನು ಹೊಸದಾಗಿ ಹುಟ್ಟುವುದಿಲ್ಲ. ಇರುವುದನ್ನು ಉಳಿಸಿಕೊಂಡರಷ್ಟೇ ಉಂಟು.

ನಮ್ಮ ಮನೆಯಲ್ಲಿ ಇದ್ದದ್ದು ಮಾವನವರ 1974ರ ಯೆಜ್ಡಿ. ಅವರು ತೀರಿಕೊಂಡ ಮೇಲೆ ಅದು ಕೊಟ್ಟಿಗೆ ಸೇರಿತು. ಕಾರು ನಿಲ್ಲಿಸಲು ಜಾಗ ಬೇಕು, ಕೊಟ್ಟುಬಿಡೋಣ ಎಂದರು ನಮ್ಮ ಯಜಮಾನರು. ಗುಜರಿಯವನು ಹೇಳಿದ್ದು ಬರೀ ಕಬ್ಬಿಣದ ತೂಕದ ರೇಟು. ಅತ್ತೆ ಜಗಲಿಯಲ್ಲಿ ಅವರೇಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆಯೇ, “ಕೊಡೋದಾದ್ರೆ ನಾನು ಮಗಳ ಮನೆಗೆ ಹೋದಾಗ ಕೊಡ್ರಪ್ಪ. ನನ್ನ ಕಣ್ಣೆದುರಿಗೆ ಬೇಡ” ಎಂದರು. ಆಮೇಲೆ ಯಾರೂ ಮಾತಾಡಲಿಲ್ಲ. ಗಾಡಿ ಉಳಿಯಿತು. ಆದರೆ ಸುಮ್ಮನೆ ನಿಲ್ಲಿಸಿದರೆ ಅದೂ ನಿಧಾನವಾಗಿ ಗುಜರಿಯೇ ಅಲ್ಲವೆ? ದುರಸ್ತಿ ಮಾಡಿಸಲೇಬೇಕೆಂದು ನಾನೂ ಮಗನೂ ಹಟ ಹಿಡಿದೆವು. ಚೀಟಿ ಹಣ ಬಂದಾಗ ಒಂದಿಷ್ಟು, ಕೊಬ್ಬರಿ ಮಾರಿದಾಗ ಒಂದಿಷ್ಟು, ಹೀಗೆ ಕಂತಿನಲ್ಲಿ ಎಂಟು ತಿಂಗಳು ಹಿಡಿಯಿತು.

ಮೊದಲು ಕಾಗದ, ಆಮೇಲೆ ಕಬ್ಬಿಣ

ಬೀರು ತೆಗೆದು ಆರ್.ಸಿ. ಹುಡುಕಿ. ಗಾಡಿಯ ಎಂಜಿನ್ ನಂಬರು, ಚಾಸಿ ನಂಬರು ಅದರಲ್ಲಿದ್ದಂತೆಯೇ ಇವೆಯೇ ನೋಡಿ. ಪೇಂಟ್ ಮಾಡುವವರಿಗೆ ಆ ನಂಬರುಗಳನ್ನು ಉಜ್ಜಬೇಡಿ ಎಂದು ಮೊದಲೇ ಹೇಳಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್.ಟಿ.ಓ. ಕಚೇರಿಯಲ್ಲಿ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಮಾಲೀಕರು ತೀರಿಕೊಂಡಿದ್ದರೆ 30 ದಿನದೊಳಗೆ ಕಚೇರಿಗೆ ತಿಳಿಸಿ, 3 ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ದುಃಖದ ಮನೆಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ಅವಧಿ ಮೀರಿದ್ದರೂ ವಿಚಾರಿಸದೆ ಕೈಚೆಲ್ಲಬೇಡಿ.

ಸಾರಿಗೆ ಉಪ್ಪು, ಪೆಟ್ರೋಲಿಗೆ ಎಣ್ಣೆ

ಟೂ ಸ್ಟ್ರೋಕ್ ಎಂದರೇನು ಅಂತೀರಾ? ಎಂಜಿನ್ನಿನ ಒಳಗೆ ಪಿಸ್ಟನ್ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಹೋಗುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಫೋರ್ ಸ್ಟ್ರೋಕ್‌ಗೆ ಹೀಗೆ ಎರಡು ಸುತ್ತು ಬೇಕು. ಟೂ ಸ್ಟ್ರೋಕ್ ಎಂಜಿನ್ನಿನ ಅಡಿಯಲ್ಲಿ ಬೇರೆ ಎಣ್ಣೆ ನಿಲ್ಲುವುದಿಲ್ಲ. ಪೆಟ್ರೋಲಿಗೆ ಬೆರೆಸಿದ 2ಟಿ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗಿಗೂ ಜಿಡ್ಡು ಕೊಡಬೇಕು. ಅದು ಪೆಟ್ರೋಲಿನ ಜತೆ ಉರಿಯುವುದರಿಂದಲೇ ಆ ನೀಲಿ ಹೊಗೆ.

ಹಳೆಯ ಜಾವಾದ ಲೆಕ್ಕ 25 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ, ಅಂದರೆ ಲೀಟರಿಗೆ 40 ಮಿ.ಲೀ. ನಿಮ್ಮ ಗಾಡಿಯ ಮಾಡೆಲ್‌ಗೆ ಎಷ್ಟೆಂದು ಅದರ ಪುಸ್ತಕದಲ್ಲಿ ನೋಡಿಕೊಳ್ಳಿ. ಕಡಿಮೆಯಾದರೆ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ಗಿಗೆ ಮಸಿ, ಸೈಲೆನ್ಸರಿಗೆ ಮಸಿ. ಕಣ್ಣಂದಾಜು ಬೇಡ. ಮಕ್ಕಳ ಔಷಧಿಯ ಅಳತೆ ಮುಚ್ಚಳ ಸಾಕು, ಆದರೆ ಅದನ್ನು ಮತ್ತೆ ಮನೆಯೊಳಗೆ ತರಬೇಡಿ.

ಎಂಜಿನ್ನಿನ ಆರೋಗ್ಯವನ್ನು ಪ್ಲಗ್ ಬಿಚ್ಚಿ ನೋಡಿ ಹೇಳಬಹುದು. ಅದರ ತುದಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ಎಣ್ಣೆಯೋ ಪೆಟ್ರೋಲೋ ಹೆಚ್ಚು. ಬೂದಿಯಂತೆ ಬೆಳ್ಳಗಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ, ಓಡಿಸಬೇಡಿ.

ನಿಂತ ಗಾಡಿಯನ್ನು ಎಬ್ಬಿಸುವ ಕ್ರಮ

ವರ್ಷಗಟ್ಟಲೆ ನಿಂತ ಗಾಡಿಗೆ ಬಂದವರೆಲ್ಲ ಕಿಕ್ ಹೊಡೆಯುವುದುಂಟು. ತುಕ್ಕು ಹಿಡಿದ ಸಿಲಿಂಡರಿನಲ್ಲಿ ಪಿಸ್ಟನ್ ಉಜ್ಜಿ ಗೀರು ಬಿದ್ದರೆ ಖರ್ಚು ಬೆಳೆಯುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ಒಂದು ರಾತ್ರಿ ಬಿಡಿ. ಮಾರನೆಯ ದಿನ ಕೈಯಿಂದ ಮೆಲ್ಲಗೆ ತಿರುಗಿಸಿ.

ಟ್ಯಾಂಕಿನ ಒಳಗಿನ ತುಕ್ಕಿಗೆ ನಮ್ಮ ಅಡುಗೆಮನೆಯಲ್ಲೇ ಮದ್ದಿದೆ. ಹಳೆ ಪೆಟ್ರೋಲನ್ನು ಒಲೆಯಿಂದ ದೂರ, ಬಯಲಲ್ಲಿ ಪೂರಾ ತೆಗೆದು ಒಣಗಿಸಿ. ಕಾಕ್ ಬಿಚ್ಚಿ, ತೂತು ಮುಚ್ಚಿ, ವಿನಿಗರ್ ತುಂಬಿ ಒಂದೆರಡು ದಿನ ಇಡಿ. ಹಿಡಿಯಷ್ಟು ಸಣ್ಣ ನಟ್ಟು ಹಾಕಿ ಕುಲುಕಿದರೆ ತುಕ್ಕು ಕಳಚಿ ಬರುತ್ತದೆ. ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ತಕ್ಷಣ ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕಿ. ಕಬ್ಬಿಣದ ಬಾಣಲೆ ತೊಳೆದು ಎಣ್ಣೆ ಸವರದಿದ್ದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕೆ?

ಬಿಚ್ಚುವ ಕೆಲಸದಲ್ಲಿ ನಾನು ಹಳೆ ಮಸಾಲೆ ಡಬ್ಬಿಗಳನ್ನು ತಂದಿಟ್ಟೆ. ಕಾರ್ಬುರೇಟರಿನದು ಒಂದರಲ್ಲಿ, ಬ್ರೇಕಿನದು ಇನ್ನೊಂದರಲ್ಲಿ, ಮೇಲೆ ಚೀಟಿ ಅಂಟಿಸಿದ್ದು. ಬಿಚ್ಚುವ ಮುಂಚೆ ಮಗ ಮೊಬೈಲಿನಲ್ಲಿ ಫೋಟೋ ಹಿಡಿದ. ಮೆಕ್ಯಾನಿಕ್ ಸಾಬರು, “ಅಕ್ಕಾ, ನೀವು ನಂ ಗ್ಯಾರೇಜಿಗೇ ಬಂದ್ಬಿಡಿ” ಎಂದು ನಕ್ಕರು. ಎಂಜಿನ್ ಒಳಗಿನ ಬೇರಿಂಗ್, ಆಯಿಲ್ ಸೀಲ್‌ಗಳಿಗೆ ಮಾತ್ರ ತಿಳಿದವರ ಕೈಯೇ ಬೇಕು. ಗೇರ್ ಬಾಕ್ಸಿನ ಎಣ್ಣೆ ಸೋರದೆಯೇ ಕಡಿಮೆಯಾಗುತ್ತ, ಹೊಗೆ ದಟ್ಟವಾಗಿ ಬರುತ್ತಿದ್ದರೆ ಆ ಸೀಲ್ ಹೋಗಿದೆ ಎಂದೇ ತಿಳಿಯಿರಿ.

ಹಳೆಯ ಭಾಗ ಕಳಪೆ ಕಂಡಿತೆಂದು ಎಸೆಯಬೇಡಿ. ಕಿಕ್ಕಿಗೂ ಗೇರಿಗೂ ಒಂದೇ ಕಡ್ಡಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಇವೇ ಈ ಗಾಡಿಯ ಲಕ್ಷಣ. ಪೇಂಟು ಕಟ್ಟಕಡೆಯ ಕೆಲಸ. ಬ್ರೇಕು, ಟಯರು, ವೈರಿಂಗು ಮೊದಲು.

ನೆನಪಿಡಿ

* ವಾರಕ್ಕೊಮ್ಮೆ 15-20 ನಿಮಿಷ ಓಡಿಸಿ. ನಿಂತಲ್ಲೇ ಎರಡು ನಿಮಿಷ ಸದ್ದು ಮಾಡಿಸಿ ಆರಿಸಿದರೆ ಒಳಗೆ ತೇವ ಉಳಿಯುತ್ತದೆ.

* ನಿಲ್ಲಿಸಿದ ಕೂಡಲೇ ಪೆಟ್ರೋಲ್ ಕಾಕ್ ಮುಚ್ಚಿ.

* ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಅದು ತೇವ ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಪೈಪುಗಳನ್ನು ಆಗಾಗ ನೋಡಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿ.

* ಸೈಲೆನ್ಸರಿನ ಒಳಕೊಳವೆಯನ್ನು ಆಗಾಗ ಎಳೆದು ಮಸಿ ಕೆರೆಯಿರಿ. ಮಸಿ ಕಟ್ಟಿದರೆ ಗಾಡಿಗೆ ಉಸಿರಿಲ್ಲ.

ಪ್ರತಿ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರಿನಲ್ಲಿ ಜಾವಾ-ಯೆಜ್ಡಿ ಅಭಿಮಾನಿಗಳು ಗಾಡಿ ಸಮೇತ ಸೇರುತ್ತಾರೆ. ಬಿಡಿಭಾಗ ಎಲ್ಲಿ ಸಿಗುತ್ತದೆ, ಒಳ್ಳೆಯ ಮೆಕ್ಯಾನಿಕ್ ಯಾರು ಎಂದು ಅಂಥವರನ್ನು ಕೇಳಿದರೆ ತಿಳಿಯುತ್ತದೆ. ಮಾರಲೇಬೇಕಾದ ಕಷ್ಟ ಬಂದರೂ ಅವರಿಗೇ ಮಾರಿ. ಗುಜರಿಯವನು ಕಬ್ಬಿಣ ತೂಗುತ್ತಾನೆ, ಇವರು ಗಾಡಿ ನೋಡಿ ಬೆಲೆ ಕಟ್ಟುತ್ತಾರೆ.

ನಮ್ಮ ಯೆಜ್ಡಿ ಈಗ ಭಾನುವಾರ ಬೆಳಿಗ್ಗೆ ಸಂತೆಗೆ ಹೋಗಿಬರುತ್ತದೆ. ಡುಗುಡುಗು ಸದ್ದು ತಿರುವಿನಲ್ಲಿ ಕೇಳಿದೊಡನೆ ಅತ್ತೆ ಕಾಫಿಗೆ ಹಾಲು ಇಡುತ್ತಾರೆ. ನಿಮ್ಮ ಕೊಟ್ಟಿಗೆಯ ಗಾಡಿಯ ಗೋಣಿತಾಟನ್ನೂ ಈ ಭಾನುವಾರ ಒಮ್ಮೆ ಎತ್ತಿ ನೋಡಿ. ಬೀರುವಿನಲ್ಲಿ ಆರ್.ಸಿ. ಇದೆಯೇ, ಅಷ್ಟರಿಂದ ಶುರುಮಾಡಿ.