‘ಹೋಗಿ ಬರ್ತೀನಿ’ ಅನ್ನೋರಿಗೆ ಸ್ಕಾಲರ್‌ಶಿಪ್

ಮನೆಯಿಂದ ಹೊರಡುವಾಗ ಬಾಯಿತಪ್ಪಿ ‘ಹೋಗ್ತೀನಿ ಅಜ್ಜಿ’ ಅಂದರೆ ನಮ್ಮಜ್ಜಿ ಹೊಸ್ತಿಲು ದಾಟಲು ಬಿಡುವುದಿಲ್ಲ. ‘ಹೋಗಿ ಬರ್ತೀನಿ ಅನ್ನು’ ಎಂದು ಹೇಳಿಸಿಯೇ ಕಳಿಸುತ್ತಾಳೆ. ಕಳೆದ ಸೆಮಿಸ್ಟರ್ ರಜೆಯಲ್ಲಿ ವಿದೇಶಿ ಸ್ಕಾಲರ್‌ಶಿಪ್‌ಗಳ ನಿಯಮ ಓದುತ್ತಾ ಕೂತಾಗ ಅಜ್ಜಿಯೇ ನೆನಪಾದಳು. ಅಲ್ಲೂ ಕೇಳುವುದು ಇದನ್ನೇ.

ನನ್ನದು ಸಿವಿಲ್, ಮೂರನೇ ವರ್ಷ. ಹಾಸ್ಟೆಲ್‌ನಲ್ಲಿ ಈಗ ಎರಡೇ ಮಾತು: ಪ್ಲೇಸ್‌ಮೆಂಟ್ ಇಲ್ಲವೇ ಎಂ.ಎಸ್. ಎಂ.ಎಸ್. ಅಂದರೆ ಲೋನ್, ಲೋನ್ ಅಂದರೆ ಮನೆಪತ್ರ ಬ್ಯಾಂಕಿಗೆ. ಸ್ಕಾಲರ್‌ಶಿಪ್ ಏನಿದ್ದರೂ ರ‍್ಯಾಂಕ್ ಬಂದವರಿಗೆ, ನನ್ನ 7.6 ಸಿಜಿಪಿಎಗೆ ಅದು ದಕ್ಕುವುದಲ್ಲ ಎಂದುಕೊಂಡಿದ್ದೆ.

ಓದಿದಾಗ ಕಂಡದ್ದೇ ಬೇರೆ. ಜರ್ಮನಿಯ ಡಾಡ್ ಸಂಸ್ಥೆ ಅಭಿವೃದ್ಧಿಶೀಲ ದೇಶಗಳ ಉದ್ಯೋಗಸ್ಥರಿಗಾಗಿಯೇ ಸ್ನಾತಕೋತ್ತರ ಸ್ಕಾಲರ್‌ಶಿಪ್ ಕೊಡುತ್ತದೆ. ನೀರು, ಇಂಧನ, ನಗರ ಯೋಜನೆ, ಸಾರ್ವಜನಿಕ ಆರೋಗ್ಯದಂಥ ವಿಷಯಗಳು. ಅದಕ್ಕೆ ಪದವಿಯ ನಂತರ ಕನಿಷ್ಠ ಎರಡು ವರ್ಷ ಕೆಲಸ ಮಾಡಿರಬೇಕು, ಪದವಿ ಮುಗಿದು ಆರು ವರ್ಷ ದಾಟಿರಬಾರದು. ಬ್ರಿಟನ್ನಿನ ಚೀವ್ನಿಂಗ್‌ಗೂ ಎರಡು ವರ್ಷದ ಅನುಭವ, ಅವರ ಲೆಕ್ಕದಲ್ಲಿ 2,800 ಗಂಟೆ ಬೇಕು. ಒಂದು ವರ್ಷದ ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ಸ್ವದೇಶದಲ್ಲಿರಬೇಕು. ಅಮೆರಿಕದ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್ ಫೆಲೋಶಿಪ್ ಮೂರು ವರ್ಷದ ಅನುಭವ ಕೇಳುತ್ತದೆ, ಅದರ ವೀಸಾದಲ್ಲೂ ಎರಡು ವರ್ಷದ ಮರಳುವ ಷರತ್ತಿದೆ. ಅಂಕಗಳನ್ನೂ ನೋಡುತ್ತಾರೆ. ಆದರೆ ಅರ್ಜಿಯ ಹೆಚ್ಚು ಜಾಗ ಇನ್ನೊಂದು ಪ್ರಶ್ನೆಗೆ: ಕಲಿತು ಹೋಗಿ ನಿಮ್ಮ ಊರಲ್ಲಿ ಏನು ಮಾಡುತ್ತೀರಿ?

ಹೀಗೆ ಹೋಗಿ ಬಂದವರು ನಮ್ಮಲ್ಲೇ ಇದ್ದಾರೆ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ. ಸರ್ಕಾರದ ವಿದ್ಯಾರ್ಥಿವೇತನದ ಮೇಲೆ 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಪಿಎಚ್.ಡಿ.ಗೆ ನೆರವಾದದ್ದು ಅಲ್ಲಿನ ಬಾರ್ಬರ್ ಸ್ಕಾಲರ್‌ಶಿಪ್. ಮಿಷಿಗನ್‌ನಲ್ಲಿ ಓದಿ ಮರಳಿದ ಮಹಿಳೆಯರು ತಮ್ಮ ನಾಡಲ್ಲಿ ಮಾಡುತ್ತಿದ್ದ ಕೆಲಸವನ್ನು ಏಷ್ಯಾ ಪ್ರವಾಸದಲ್ಲಿ ಕಂಡ ಲೆವಿ ಬಾರ್ಬರ್ ಎಂಬುವರು, ಏಷ್ಯಾದ ಹೆಣ್ಣುಮಕ್ಕಳಿಗೆಂದೇ 1917ರಲ್ಲಿ ಇಟ್ಟ ನಿಧಿ ಅದು. ರಾಜೇಶ್ವರಿ 1953ರಲ್ಲಿ ಮರಳಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಂದಿಗೆ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. ಅವರ ಕೈಕೆಳಗೆ 20 ಮಂದಿ ಪಿಎಚ್.ಡಿ. ಮಾಡಿದರು. ಒಬ್ಬರಿಗೆ ಕೊಟ್ಟ ಸ್ಕಾಲರ್‌ಶಿಪ್ ಎಷ್ಟು ಜನಕ್ಕೆ ತಲುಪಿತು ನೋಡಿ.

ಆದರೆ ಮರಳಿದ ಎಲ್ಲರಿಗೂ ಪ್ರಯೋಗಾಲಯ ಸಿಗುವುದಿಲ್ಲ. ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ ಕೂಡ ವಿದ್ಯಾರ್ಥಿವೇತನದಲ್ಲೇ ಕೇಂಬ್ರಿಜ್‌ಗೆ ಹೋದವರು. 1951ರಲ್ಲಿ ಲಾಹೋರಿಗೆ ಮರಳಿ ಪ್ರಾಧ್ಯಾಪಕರಾದರು. ಸಂಶೋಧನೆಯ ಮಾತಾಡಲು ಜೊತೆಗಾರರೇ ಇರಲಿಲ್ಲ. 1954ರಲ್ಲಿ ಮತ್ತೆ ಕೇಂಬ್ರಿಜ್ ಸೇರಿದರು. ದೇಶವೋ ವಿಜ್ಞಾನವೋ ಎಂಬ ಆ ಸಂಕಟ ಬೇರೆಯವರಿಗೆ ಬರಬಾರದೆಂದು 1964ರಲ್ಲಿ ಇಟಲಿಯ ಟ್ರಿಯೆಸ್ಟ್ ನಗರದಲ್ಲಿ ಅಂತರರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ಕಟ್ಟಿದರು. ಬಡ ದೇಶದ ವಿಜ್ಞಾನಿ ತನ್ನೂರಿನ ಕೆಲಸ ಬಿಡದೆ ಆಗಾಗ ಬಂದು, ಕೆಲವು ವಾರ ಇದ್ದು, ಹೊಸದನ್ನು ಕಲಿತು ಹೋಗುವ ಅಸೋಸಿಯೇಟ್ ಯೋಜನೆ ಅಲ್ಲಿದೆ. 1979ರಲ್ಲಿ ನೊಬೆಲ್ ಪಡೆದ ಸಲಾಂ, 1983ರಲ್ಲಿ ಅದೇ ಊರಿನಲ್ಲಿ ಅಭಿವೃದ್ಧಿಶೀಲ ದೇಶಗಳ ವಿಜ್ಞಾನ ಅಕಾಡೆಮಿಯನ್ನೂ ಸ್ಥಾಪಿಸಿದರು. ಆ ಅಕಾಡೆಮಿ ನಮ್ಮ ಸಿಎಸ್‌ಐಆರ್ ಜೊತೆಗೂಡಿ ಕೊಡುವ ಫೆಲೋಶಿಪ್‌ನಲ್ಲಿ ಬೇರೆ ದೇಶಗಳ ಯುವ ವಿಜ್ಞಾನಿಗಳು ಭಾರತದ ಪ್ರಯೋಗಾಲಯಗಳಿಗೆ ಬರುತ್ತಾರೆ. ಅಂದರೆ ನಾವು ಬರೀ ಕೈಚಾಚುವವರಲ್ಲ, ಕೊಡುವವರೂ ಹೌದು.

ಇಷ್ಟು ಓದಿದ ಮೇಲೆ ನಾನೇ ಒಂದು ಬಿಳಿ ಹಾಳೆ ತೆಗೆದುಕೊಂಡು ಆ ಪ್ರಶ್ನೆಗೆ ಉತ್ತರ ಬರೆಯಲು ಕೂತೆ. ಮೊದಲು ಬರೆದದ್ದು ‘ದೇಶಸೇವೆ ಮಾಡುತ್ತೇನೆ’. ನನಗೇ ನಗು ಬಂತು, ಹೊಡೆದುಹಾಕಿದೆ. ಅರ್ಧ ಗಂಟೆಯಾದರೂ ಎರಡನೇ ಸಾಲು ಬರಲಿಲ್ಲ. ಮೂರು ವರ್ಷ ಎಂಜಿನಿಯರಿಂಗ್ ಓದಿದವನಿಗೆ ತನ್ನೂರಿಗೆ ಏನು ಬೇಕೆಂದು ಹೇಳಲು ಬರಲಿಲ್ಲ. ಸಿಜಿಪಿಎ ಕಮ್ಮಿ ಎನ್ನುವುದಕ್ಕಿಂತ ಇದೇ ಹೆಚ್ಚು ಚುಚ್ಚಿತು.

ಉತ್ತರ ಮನೆಯೆದುರೇ ಇತ್ತು. ನಮ್ಮದು ಪಾವಗಡ ಸೀಮೆ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲಿನ ಮೇಲಿನ ಕಂದು ಕಲೆ ನೋಡಿಯೇ ಕಾಲೇಜಿನಲ್ಲಿ ನಮ್ಮ ಕಡೆಯವರನ್ನು ಗುರುತು ಹಿಡಿಯುತ್ತಾರೆ. ಈಗ ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಆದರೆ ಆರ್‌ಒ ಯಂತ್ರ ಫ್ಲೋರೈಡನ್ನು ಇಲ್ಲವಾಗಿಸುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೇ. ಹಾಗೆ ಬೇರ್ಪಟ್ಟದ್ದೆಲ್ಲ ಉಳಿಕೆ ನೀರಿನ ಜೊತೆ ಹಿಂದಿನ ಪೈಪಿನಿಂದ ಚರಂಡಿಗೆ, ಅಲ್ಲಿಂದ ಮತ್ತೆ ಮಣ್ಣಿಗೆ. ಆ ನೀರನ್ನು ಏನು ಮಾಡಬೇಕು? ಇದು ಸಿವಿಲ್ ಎಂಜಿನಿಯರ್ ಕೇಳಬೇಕಾದ ಪ್ರಶ್ನೆಯೇ. ನಾನೇ ಎಷ್ಟು ಸಲ ಅಲ್ಲಿ ಕ್ಯಾನ್ ತುಂಬಿಸಿಕೊಂಡು ಬಂದಿದ್ದೇನೆ, ಹಿಂದಿನ ಪೈಪ್ ನೋಡಿರಲಿಲ್ಲ.

ಹಾಗಾಗಿ ಪ್ಲೇಸ್‌ಮೆಂಟ್‌ಗೆ ನಾನೂ ಕೂರುತ್ತೇನೆ, ಎರಡು ವರ್ಷದ ಕೆಲಸ ಹೇಗೂ ಬೇಕು. ಕುಡಿಯುವ ನೀರಿನ ಕೆಲಸವನ್ನೇ ಹುಡುಕುವ ಆಸೆಯಿದೆ. ಸಂಬಳ ಕಮ್ಮಿಯಾದರೆ ಅಪ್ಪ ಏನನ್ನುತ್ತಾರೋ ಗೊತ್ತಿಲ್ಲ. ಸ್ಕಾಲರ್‌ಶಿಪ್ ಸಿಗದೆಯೂ ಹೋಗಬಹುದು, ಆದರೆ ಆ ಪ್ರಶ್ನೆಗೆ ಉತ್ತರ ಕೈಯಲ್ಲಿರುತ್ತದೆ. ಗೆಳೆಯರೇ, ನೀವೂ ಒಮ್ಮೆ ಬಿಳಿ ಹಾಳೆ ತೆಗೆದು ಬರೆದು ನೋಡಿ.

ರಜೆಯ ಕೊನೆಯ ವಾರ ದಿನಾ ಬೆಳಿಗ್ಗೆ ಬಕೆಟ್ ಹಿಡಿದು ಘಟಕದ ಹಿಂದೆ ನಿಂತು, ಚರಂಡಿಗೆ ಎಷ್ಟು ನೀರು ಹೋಗುತ್ತದೆಂದು ಅಳೆದು ಬರೆದಿಟ್ಟೆ. ‘ಚೆಲ್ಲೋ ನೀರಿಗೂ ಲೆಕ್ಕ ಇಡ್ತಾರೇನೋ?’ ಎಂದು ಅಜ್ಜಿ ನಕ್ಕಳು. ಹಾಸ್ಟೆಲ್‌ಗೆ ಹೊರಡುವ ದಿನ ಅವಳು ಹೇಳಿಸುವ ಮುಂಚೆ ನಾನೇ ‘ಹೋಗಿ ಬರ್ತೀನಜ್ಜಿ’ ಅಂದೆ.